ಹಸಿರು ಗೆರೆಯ ಪ್ರಾಮಾಣ್ಯ

ಈ ಸ್ಮರಣ ಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ನನ್ನನ್ನು ಕೇಳಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದುದು ವ್ಯಾಕರಣ ಅಥವಾ ಛಂದಸ್ಸಿಗೆ ಸಂಬಂಧಿಸಿದ ಒಂದು ಬರಹವನ್ನೆಂಬುದರಲ್ಲಿ ಸಂದೇಹವಿಲ್ಲ. ಮೂವತ್ತು ವರ್ಷಗಳಿಂದ ಈ ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಬಿಡಿಸುತ್ತ ಬಂದವನಿಂದ ಬೇರೇನನ್ನು ತಾನೆ ನಿರೀಕ್ಷಿಸಬೇಕು? ಆದರೆ ಲೇಖನಿಯನ್ನು ಹಿಡಿದಾಗಲೆಲ್ಲ ನನ್ನ ಮನಸ್ಸು ಒಂದೇ ಪ್ರಸಂಗದ ಕಡೆಗೆ ಹರಿಯುತ್ತದೆ. ಅದನ್ನು ಹೇಳಿ ಮುಗಿಸದೆ ಇನ್ನೊಂದನ್ನು ಬರೆಯಲು ನನ್ನಿಂದಾಗದು. ಪಂಡಿತನೊಬ್ಬನು ಕೈಫೋನಿನ ನಕಾಶೆಯನ್ನು ಕುರಿತು ಬರೆಯುವುದು ಕೆಲವರಿಗೆ ನಗೆಯನ್ನು ತರಿಸಬಹುದು. ಓದಿದ ಬಳಿಕ ನಗು ಉಳಿಯಲಾರದೆಂದು ನನ್ನ ನಂಬಿಕೆ.

ಆ ಯಂತ್ರವು ನನ್ನ ಕೈಗೆ ಬಂದುದು ತಡವಾಗಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗನು ಒಂದು ಯುಗಾದಿಗೆ ಅದನ್ನು ತಂದುಕೊಟ್ಟು, ಅಂತರ್ಜಾಲದ ನಕಾಶೆಯನ್ನು ತೆರೆಯುವ ಬಗೆಯನ್ನು ಹೇಳಿಕೊಟ್ಟನು. ಅದನ್ನು ಯಾವ ಸಂಸ್ಥೆಯವರು ಒದಗಿಸಿದ್ದರೆಂಬುದು ಇಲ್ಲಿ ಅಪ್ರಸ್ತುತ. ಹೋಗಬೇಕಾದ ಊರಿನ ಹೆಸರನ್ನು ಕನ್ನಡದಲ್ಲಿಯೇ ನುಡಿದರೆ ಸಾಕು, ದಾರಿಯು ಗೆರೆಯಾಗಿ ಮೂಡುತ್ತಿತ್ತು. ವಾಹನಗಳು ಸರಾಗವಾಗಿ ಹರಿಯುತ್ತಿದ್ದಲ್ಲಿ ಹಸಿರು, ನಿಧಾನವಾದಲ್ಲಿ ಕಿತ್ತಳೆ, ಸಿಕ್ಕಿಕೊಂಡಲ್ಲಿ ಕೆಂಪು, ಸಂಪೂರ್ಣವಾಗಿ ನಿಂತಲ್ಲಿ ಕಡುಗೆಂಪು. ಕೆಳಗೆ ತಲುಪುವ ಹೊತ್ತು ನಿಮಿಷದ ಲೆಕ್ಕದಲ್ಲಿ! ನಾನು ಮಾರುಹೋದೆನು. ತರಗತಿಯಲ್ಲಿ ಮಕ್ಕಳ ಮುಂದೆ ಅದನ್ನು ಹಿಡಿದು, “ನಮ್ಮ ಕಾವ್ಯಗಳಲ್ಲಿ ಅಂಜನ ಹಾಕಿ ದೂರದ್ದನ್ನು ಕಾಣುತ್ತಿದ್ದರೆಂದು ಓದಿದ್ದೀರಲ್ಲ, ಇದೇ ಆ ಅಂಜನ ನೋಡಿ” ಎಂದು ಬಣ್ಣಿಸಿದ್ದೂ ಉಂಟು. ಆ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನು ನನ್ನ ಗುರುಗಳ ವಿಷಯ. ಅವರ ಹೆಸರನ್ನು ಅಚ್ಚಿನಲ್ಲಿ ಕಾಣಿಸುವುದನ್ನು ಅವರು ಬದುಕಿದ್ದಾಗಲೇ ಒಪ್ಪುತ್ತಿರಲಿಲ್ಲವಾದ್ದರಿಂದ ಇಲ್ಲಿಯೂ ಹೇಳುವುದಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಸೂತ್ರ ಸೂತ್ರವಾಗಿ ನಮಗೆ ಬಾಯಿಪಾಠ ಮಾಡಿಸಿದವರು ಅವರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದದವನು ವ್ಯಾಕರಣವನ್ನು ಮುಟ್ಟಬಾರದೆಂಬುದು ಅವರ ನಿಯಮವಾಗಿತ್ತು. “ಮಾತನ್ನು ಆಡುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿಕೊ” ಎಂದು ಗದರಿಸುತ್ತಿದ್ದರು. ನೋಡಿ ಹೇಳುತ್ತಿದ್ದೀಯೋ, ಊಹಿಸಿ ಹೇಳುತ್ತಿದ್ದೀಯೋ, ಕೇಳಿ ಹೇಳುತ್ತಿದ್ದೀಯೋ ಎಂಬ ಪ್ರಶ್ನೆಗೆ ಉತ್ತರಿಸದ ವಿದ್ಯಾರ್ಥಿಯು ಮುಂದಿನ ವಾಕ್ಯಕ್ಕೆ ಹೋಗುವಂತಿರಲಿಲ್ಲ. ವಿದ್ವತ್ ಪರೀಕ್ಷೆಗೆ ಕಟ್ಟಲು ನನ್ನಲ್ಲಿ ಹಣವಿಲ್ಲದಿದ್ದಾಗ ತಮ್ಮ ಪಂಚೆಯ ಗಂಟನ್ನು ಬಿಚ್ಚಿ ಕೊಟ್ಟವರೂ ಅವರೇ. ಆ ಹಣವನ್ನು ಹಿಂದಿರುಗಿಸಲು ಹೋದಾಗ, “ನಿನ್ನ ಒಬ್ಬ ಶಿಷ್ಯನಿಗೆ ಕೊಡು” ಎಂದಿದ್ದರು.

ವೃದ್ಧಾಪ್ಯದಲ್ಲಿ ಅವರು ಬೆಂಗಳೂರಿನ ವಿಜಯನಗರದಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಪೂರ್ತಿಯಾಗಿ ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. 2023ರಲ್ಲಿ ಅವರಿಗೆ ತೊಂಬತ್ತು ತುಂಬಿತು. “ಸನ್ಮಾನ ಗಿನ್ಮಾನ ಬೇಡಯ್ಯಾ. ನಿನ್ನ ಶಾಲೆಯ ಹುಡುಗರನ್ನು ಕರೆತಂದು ಒಂದರ್ಧ ಗಂಟೆ ವಚನಗಳನ್ನು ಹಾಡಿಸು. ನೀನು ಉಚ್ಚಾರಣೆಯನ್ನು ಹೇಗೆ ಕಲಿಸಿದ್ದೀಯೆ ಕೇಳಬೇಕು” ಎಂದರು. ಹಕಾರವಿರುವಲ್ಲಿ ಹಕಾರವನ್ನು, ಇಲ್ಲದಲ್ಲಿ ಇಲ್ಲದಂತೆ ಹಾಡುವ ಇಪ್ಪತ್ತೆರಡು ಹುಡುಗರನ್ನು ಆರಿಸಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿಸಿದೆನು. ಆ ವರ್ಷ ಅಧಿಕ ಶ್ರಾವಣ ಬಂದಿದ್ದಿತು. ಅದು ಕಳೆದು ನಿಜ ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಹತ್ತೂವರೆಗೆ ಹಾಡುವುದೆಂದು ನಿಶ್ಚಯವಾಯಿತು. ವೈದ್ಯರು ಗುರುಗಳಿಗೆ ಬೆಳಗಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕುಳಿತಿರಬಾರದೆಂದು ಹೇಳಿದ್ದರು.

ತುಮಕೂರು ಸೀಮೆಯ ನಮ್ಮ ಊರಿನಿಂದ ವಿಜಯನಗರಕ್ಕೆ ಸುಮಾರು 80 ಕಿಲೋಮೀಟರು. ಶ್ರೀಮಠದಲ್ಲಿ ಪ್ರಸಾದವನ್ನು ಮುಗಿಸಿ ಏಳೂವರೆಗೆ ಶಾಲೆಯ ಬಸ್ಸನ್ನು ಹತ್ತಿದೆವು. ನಕಾಶೆಯು ಒಂಬತ್ತು ಗಂಟೆ ಐವತ್ತು ನಿಮಿಷಕ್ಕೆ ತಲುಪುವಿರೆಂದು ಸಾರಿತು. ನೆಲಮಂಗಲದವರೆಗೆ ಅದು ಹೇಳಿದಂತೆಯೇ ನಡೆಯಿತು. ಅಲ್ಲಿ ಚಾಲಕರು ಬಸ್ಸನ್ನು ಪಕ್ಕಕ್ಕೆ ಹಾಕಿದರು. ನನಗಿಂತ ಐದಾರು ವರ್ಷ ಹಿರಿಯರು. ಆ ಹೆದ್ದಾರಿಯಲ್ಲಿ ಅವರು ಗಾಡಿ ಹೊಡೆಯಲು ತೊಡಗಿದಾಗ ಅದಕ್ಕೆ ಇನ್ನೂ ಎರಡೇ ಪಥಗಳಿದ್ದುವಂತೆ.

“ಮೇಷ್ಟ್ರೇ, ಇವತ್ತು ಸೋಮವಾರ. ಊರಿಗೆ ಹೋದ ಜನವೆಲ್ಲ ಬೆಂಗಳೂರಿಗೆ ವಾಪಸ್ ಬರೋ ದಿನ. ಮಾದಾವರದ ಹತ್ತಿರ ನೈಸ್ ರಸ್ತೆಗೆ ತಿರುಗಿಸಿ, ಮಾಗಡಿ ರಸ್ತೆಗೆ ಇಳಿದು ಹೋಗೋಣ. ಸ್ವಲ್ಪ ಸುತ್ತು, ಸುಂಕ ಕಟ್ಟಬೇಕು, ಆದ್ರೆ ನಿಲ್ಲೋದಿಲ್ಲ” ಎಂದರು.

ನಾನು ಕೈಫೋನನ್ನು ನೋಡಿದೆನು. ನೇರ ದಾರಿಯಲ್ಲಿ, ಪೀಣ್ಯದ ಉದ್ದಕ್ಕೂ, ಗೊರಗುಂಟೆಪಾಳ್ಯದವರೆಗೆ ಹಸಿರು ಗೆರೆ. ಸುತ್ತುದಾರಿಗೆ ಹನ್ನೊಂದು ನಿಮಿಷ ಹೆಚ್ಚು. “ಇಲ್ಲಿ ನೋಡಿ ಯಜಮಾನರೇ, ಎಲ್ಲ ಹಸಿರಾಗಿದೆ” ಎಂದೆನು.

“ಅದು ಕಾರಿನವರಿಗೆ ಹೇಳೋ ಮಾತು ಮೇಷ್ಟ್ರೇ. ನಮ್ಮ ಬಸ್ಸನ್ನ ಮೇಲ್ಸೇತುವೆ ಹತ್ತಿಸೋಕೆ ಬಿಡಲ್ಲ. ಕೆಳಗಡೆ ಹೇಗಿದೆಯೋ?”

“ಕೆಳಗಿನ ರಸ್ತೆಯೂ ಇದೇ ಗೆರೆಯಲ್ಲಿದೆಯಲ್ಲ” ಎಂದೆನು. ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಮಾತಾಡದೆ ಬಸ್ಸನ್ನು ನೇರಕ್ಕೆ ಬಿಟ್ಟರು. ಹಿಂದೆ ಕುಳಿತಿದ್ದ ಹುಡುಗರ ಮುಂದೆ ಪಂಡಿತನ ಮಾತನ್ನು ಮುರಿಯುವುದು ಅವರಿಗೆ ಸರಿಕಾಣಲಿಲ್ಲವೆಂದು ತೋರುತ್ತದೆ. ಅವರು ತೋರಿದ ಆ ದಾಕ್ಷಿಣ್ಯಕ್ಕೆ ನಾನು ಯೋಗ್ಯನಾಗಿರಲಿಲ್ಲ.

ಆ ಮೇಲ್ಸೇತುವೆಯ ಕಥೆಯನ್ನು ತುಮಕೂರು ದಾರಿಯಲ್ಲಿ ಓಡಾಡುವವರೆಲ್ಲ ಬಲ್ಲರು. ಒಳಗಿನ ಉಕ್ಕಿನ ತಂತಿಗಳಲ್ಲಿ ದೋಷವು ಕಂಡುಬಂದುದರಿಂದ 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿ, 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆದಿದ್ದರು. ಬಸ್ಸು ಲಾರಿಗಳೆಲ್ಲ ಕೆಳಗಿನ ರಸ್ತೆಯನ್ನೇ ಹಿಡಿಯಬೇಕಾಗಿತ್ತು. ಈ ಸಂಗತಿಯು ನನಗೆ ತಿಳಿಯದುದೇನೂ ಅಲ್ಲ. ತಿಳಿದೂ ಗೆರೆಯ ಬಣ್ಣವನ್ನು ನಂಬಿದೆನು.

ದಾಸರಹಳ್ಳಿಯನ್ನು ಸೇರುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಲಾರಿಗಳು, ಹಿಂದೆ ಲಾರಿಗಳು. ಎಡಬಲಗಳಲ್ಲಿ ಸಂದು ಸಂದಿನಲ್ಲಿಯೂ ನುಸುಳಿಹೋಗುವ ಬೈಕುಗಳು. ತಲೆಯ ಮೇಲೆ ಸೇತುವೆಯಲ್ಲಿ ಕಾರುಗಳು ಓಡುವ ಸದ್ದು ಗುಡುಗಿನಂತೆ ಕೇಳುತ್ತಿತ್ತು. ಜಾಲಹಳ್ಳಿ ಕ್ರಾಸಿನ ಬಳಿಯಲ್ಲಿ ಭಾರ ಹೊತ್ತ ಲಾರಿಯೊಂದು ಅಚ್ಚು ಮುರಿದು ನಿಂತಿದೆಯೆಂದು ಎಳನೀರು ಮಾರುವವನೊಬ್ಬನು ಹೇಳಿದನು. ನನ್ನ ಕೈಯಲ್ಲಿದ್ದ ನಕಾಶೆಯು ಮಾತ್ರ ನಾವಿದ್ದ ಸ್ಥಳದಲ್ಲಿಯೇ ಹಸಿರು ಗೆರೆಯನ್ನು ತೋರಿಸುತ್ತ, ಇನ್ನು ಇಪ್ಪತ್ತೆಂಟು ನಿಮಿಷವೆಂದು ನುಡಿಯುತ್ತಿತ್ತು.

ಹತ್ತೂಕಾಲಿಗೆ ಗುರುಗಳ ಸೊಸೆಯವರ ಕರೆ ಬಂದಿತು. “ಎಲ್ಲಿದ್ದೀರಿ? ಮಾವನವರು ಬೆಳಗ್ಗೆ ಎಂಟಕ್ಕೇ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತಿದ್ದಾರೆ.” ನಾನು ಕೈಫೋನನ್ನು ನೋಡಿ, “ಇಪ್ಪತ್ತೆಂಟು ನಿಮಿಷ ತಾಯಿ” ಎಂದೆನು. ಹತ್ತೂ ನಲವತ್ತೈದಕ್ಕೆ ಮತ್ತೊಮ್ಮೆ ಕೇಳಿದರು. ಬಸ್ಸು ನೂರು ಮಾರು ಮುಂದೆ ಹೋಗಿತ್ತು. ನಕಾಶೆಯು ಇಪ್ಪತ್ತಾರು ಎಂದಿತು. ನಾನೂ ಇಪ್ಪತ್ತಾರು ಎಂದೆನು. ಹನ್ನೊಂದೂಕಾಲಿಗೆ ಮೂರನೆಯ ಸಲ. ನಕಾಶೆಯು ಮರಳಿ ಇಪ್ಪತ್ತೆಂಟಕ್ಕೆ ಬಂದಿತ್ತು. ಅದನ್ನೇ ಹೇಳಿದೆನು. ಈ ಮೂರು ಉತ್ತರಗಳಲ್ಲಿ ಒಂದನ್ನಾದರೂ ನಾನು ಬಸ್ಸಿನ ಗಾಜಿನ ಆಚೆಗೆ ನೋಡಿ ಕೊಡಲಿಲ್ಲ. ಚಾಲಕರನ್ನು ಕೇಳಿದ್ದರೆ, “ಯಾವಾಗ ಹೋಗ್ತೀವೋ ಹೇಳೋಕಾಗಲ್ಲ” ಎಂಬ ಸತ್ಯವಾದ ಮಾತು ದೊರೆಯುತ್ತಿತ್ತು. ಅದು ಹೇಳಲು ಮುಜುಗರದ ಮಾತು. ಕೈಯಲ್ಲಿ ಅಂಕಿಯೊಂದು ಸಿದ್ಧವಾಗಿದ್ದಾಗ ನಾಲಗೆಯು ಮುಜುಗರದ ಕಡೆಗೆ ಹೋಗುವುದಿಲ್ಲ.

ವಿಜಯನಗರದ ಮನೆಯನ್ನು ಸೇರಿದಾಗ ಹನ್ನೆರಡು ಗಂಟೆ ಐವತ್ತು ನಿಮಿಷ. ಗುರುಗಳು ಹನ್ನೆರಡರವರೆಗೆ ಕುಳಿತಿದ್ದರಂತೆ. ಮಲಗಿಕೊಳ್ಳಿರೆಂದು ಮನೆಯವರು ಎಷ್ಟು ಹೇಳಿದರೂ, “ಇನ್ನರ್ಧ ಗಂಟೆಯಲ್ಲಿ ಮಕ್ಕಳು ಬರುತ್ತವಂತಲ್ಲ, ಮಲಗಿ ಎದ್ದವನ ಮುಖದಲ್ಲಿ ಅವರನ್ನು ಬರಮಾಡಿಕೊಳ್ಳಲೇ?” ಎಂದು ಕೇಳಿದರಂತೆ. ಕೊನೆಗೆ ಆಯಾಸ ಹೆಚ್ಚಾಗಿ, ತಲೆಸುತ್ತು ಬಂದು, ಒಳಗೆ ಕರೆದೊಯ್ದು ಔಷಧವನ್ನು ಕೊಟ್ಟು ಮಲಗಿಸಬೇಕಾಯಿತು. ನಾವು ಬಾಗಿಲಿನಿಂದ ನೋಡಿದಾಗ ಗಾಢವಾದ ನಿದ್ರೆಯಲ್ಲಿದ್ದರು. ಹೊದ್ದ ಶಾಲು ಹೊಸದು. ಹಣೆಯ ವಿಭೂತಿಯು ಬೆವರಿಗೆ ಅಲ್ಲಲ್ಲಿ ಅಳಿಸಿತ್ತು. ಎಬ್ಬಿಸಬಾರದೆಂದು ವೈದ್ಯರ ಅಪ್ಪಣೆಯಾಗಿತ್ತು. ಹುಡುಗರು ಸಂಜೆಯೊಳಗೆ ವಿದ್ಯಾರ್ಥಿನಿಲಯಕ್ಕೆ ಮರಳಬೇಕಾಗಿತ್ತು. ಅವರು ನಡುಮನೆಯಲ್ಲಿ ಕುಳಿತು, ದನಿಯನ್ನು ತಗ್ಗಿಸಿ, ಎರಡು ವಚನಗಳನ್ನು ಹಾಡಿದರು. ಯಾರಿಗೆ ಕೇಳಬೇಕಾಗಿತ್ತೋ ಅವರಿಗೆ ಕೇಳಲಿಲ್ಲ.

ಸೊಸೆಯವರು ನಮಗೆಲ್ಲ ಬಡಿಸುತ್ತ, ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ ಹೇಳಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. “ತಡವಾಗುತ್ತೆ ಅಂತ ಒಂದು ಮಾತು ಹೇಳಿದ್ದರೆ ಹತ್ತಕ್ಕೇ ಮಲಗಿಸಿ, ಈ ಹೊತ್ತಿಗೆ ಎಬ್ಬಿಸ್ತಿದ್ದೆವು ಮೇಷ್ಟ್ರೇ.”

ಎರಡು ದಿನಗಳ ಬಳಿಕ ಗುರುಗಳೇ ಫೋನು ಮಾಡಿಸಿದರು. ಕ್ಷಮೆಯನ್ನು ಕೇಳಲು ನನಗೆ ಅವಕಾಶವನ್ನೇ ಕೊಡಲಿಲ್ಲ. ನಡೆದುದನ್ನೆಲ್ಲ ಕೇಳಿ ತಿಳಿದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಐವತ್ತು ದಾಟಿದ ನನ್ನನ್ನು ಹದಿನೆಂಟರ ಹುಡುಗನನ್ನು ಕೇಳುವಂತೆ ಕೇಳಿದರು: “ಆ ಗೆರೆಯು ಯಾವ ಪ್ರಮಾಣವಯ್ಯಾ? ಪ್ರತ್ಯಕ್ಷವೋ, ಅನುಮಾನವೋ, ಶಬ್ದವೋ?” ನಾನು ತಡವರಿಸಿದೆನು. “ಗೊತ್ತಿಲ್ಲದೆ ನಂಬಿದೆಯಾ? ವಿಚಾರಿಸಿಕೊಂಡು ಬಾ. ಹುಡುಗರನ್ನೂ ಕರೆದುಕೊಂಡು ಬಾ. ಎರಡನ್ನೂ ಕೇಳುತ್ತೇನೆ” ಎಂದರು.

ನಾನು ವಿಚಾರಿಸಲು ತೊಡಗಿದೆನು. ನಮ್ಮ ಶಾಲೆಯಲ್ಲಿ ಓದಿ, ಈಗ ಗಣಕಶಾಸ್ತ್ರದಲ್ಲಿ ಪರಿಣತನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನು ರಜಾದಿನಗಳಲ್ಲಿ ಬಂದು ತಾಳ್ಮೆಯಿಂದ ತಿಳಿಸಿಕೊಟ್ಟನು. ಅವನು ಹೇಳಿದುದರ ಸಾರವನ್ನು ನನಗೆ ಅರ್ಥವಾದಂತೆ ನಿವೇದಿಸುತ್ತೇನೆ.

ರಸ್ತೆಯ ಮೇಲೆ ವಾಹನಗಳು ನಿಂತಿರುವುದನ್ನು ಯಾವ ಉಪಗ್ರಹವೂ ಕಣ್ಣಿಟ್ಟು ನೋಡುತ್ತಿಲ್ಲ. ನಮ್ಮಲ್ಲಿ ಅನೇಕರು ಹಾಗೆಂದೇ ಭಾವಿಸಿದ್ದೇವೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಅಮೆರಿಕದ ಸ್ಥಾನಸೂಚಕ ಉಪಗ್ರಹಗಳು ಹೊತ್ತಿನ ಸಂಕೇತವನ್ನು ಬಿತ್ತರಿಸುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಹಿಡಿದು ಕೈಫೋನು ತಾನಿರುವ ಜಾಗವನ್ನು ಲೆಕ್ಕಹಾಕುತ್ತದೆ. ಬಯಲಿನಲ್ಲಿ ಆ ಲೆಕ್ಕವು ಸುಮಾರು 5 ಮೀಟರಿನಷ್ಟು ಆಚೀಚೆಯಾಗಬಹುದು. ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಎತ್ತರವನ್ನು ತಿಳಿಯುವಲ್ಲಿ ಅದು ಮತ್ತಷ್ಟು ದುರ್ಬಲ. ಹೀಗೆ ಸಾವಿರಾರು ಜನರ ಕೈಫೋನುಗಳು ತಾವು ಎಲ್ಲಿರುವೆವು, ಯಾವ ವೇಗದಲ್ಲಿ ಚಲಿಸುತ್ತಿರುವೆವು ಎಂಬುದನ್ನು, ಹೆಸರನ್ನು ಮರೆಮಾಡಿ, ನಕಾಶೆಯ ಸಂಸ್ಥೆಗೆ ಕಳಿಸುತ್ತಿರುತ್ತವೆ. ಆ ವೇಗಗಳನ್ನು ಕೂಡಿಸಿ, ಹಿಂದಿನ ವಾರಗಳಲ್ಲಿ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿದ್ದ ವೇಗದೊಂದಿಗೆ ಹೋಲಿಸಿ, ಗೆರೆಗೆ ಬಣ್ಣವನ್ನು ಕೊಡುತ್ತಾರೆ. ಆ ಹೊತ್ತಿನ ಮಾಹಿತಿ ಸಾಲದಿದ್ದಲ್ಲಿ ಹಿಂದಿನ ದಿನಗಳ ಲೆಕ್ಕವೇ ಆಧಾರ. ಗೂಗಲ್ ಸಂಸ್ಥೆಯು ಇಂತಹ ಬಣ್ಣದ ಗೆರೆಗಳನ್ನು 2007ರಲ್ಲಿ ಅಮೆರಿಕದ ಕೆಲವು ನಗರಗಳಿಗೂ, 2012ರಲ್ಲಿ ಬೆಂಗಳೂರೂ ಸೇರಿದಂತೆ ಭಾರತದ ಕೆಲವು ನಗರಗಳಿಗೂ ಒದಗಿಸಿತು.

ಇಷ್ಟನ್ನು ಕೇಳಿದೊಡನೆ ಗುರುಗಳ ಪ್ರಶ್ನೆಗೆ ಉತ್ತರವು ನನಗೆ ಹೊಳೆಯಿತು. ಅದು ಅನುಮಾನ. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಕೈಫೋನುಗಳ ವೇಗವನ್ನು ಕಂಡು ರಸ್ತೆಯ ಸ್ಥಿತಿಯನ್ನು ಊಹಿಸುವುದು. ಅನುಮಾನವು ಪ್ರಮಾಣವಲ್ಲವೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಲೋಕವ್ಯವಹಾರವು ನಡೆಯದು. ಆದರೆ ಅನುಮಾನವನ್ನು ಒಪ್ಪುವ ಮೊದಲು ಹೇತುವನ್ನು ಪರೀಕ್ಷಿಸಬೇಕೆಂದು ತಾರ್ಕಿಕರು ವಿಧಿಸಿದ್ದಾರೆ. ಹೇತುವಿನಂತೆ ತೋರಿ ಹೇತುವಲ್ಲದ್ದಕ್ಕೆ ಹೇತ್ವಾಭಾಸವೆಂದು ಹೆಸರು. ನಾನು ಬಾಲ್ಯದಲ್ಲಿ ಉರುಹೊಡೆದಿದ್ದ ಹೇತ್ವಾಭಾಸಗಳಲ್ಲಿ ಮೂರು ಆ ಹಸಿರು ಗೆರೆಯೊಳಗೆ ಅಡಗಿ ಕುಳಿತಿದ್ದುವು.

ಮೊದಲನೆಯದು ಅಸಿದ್ಧಿ. ಹೇತುವು ಯಾವ ನೆಲೆಯಲ್ಲಿ ಇರಬೇಕೋ ಅಲ್ಲಿಯೇ ಇಲ್ಲದಿರುವುದು. ಪೀಣ್ಯದಲ್ಲಿ ಸೇತುವೆಯು ಮೇಲೆ, ರಸ್ತೆಯು ಕೆಳಗೆ. ನಕಾಶೆಯಲ್ಲಿ ಎರಡೂ ಒಂದರ ಮೇಲೊಂದು ಬಿದ್ದ ಗೆರೆಗಳು. ಎತ್ತರವನ್ನು ಸರಿಯಾಗಿ ಅಳೆಯಲಾರದ ಕೈಫೋನುಗಳು ಮೇಲಿನ ಕಾರುಗಳ ವೇಗವನ್ನು ಕೆಳಗಿನ ರಸ್ತೆಗೂ ಹಚ್ಚಬಲ್ಲುವು. ಮೇಲೆ ಇದ್ದ ಹೊಗೆಯನ್ನು ನೋಡಿ ಕೆಳಗೆ ಅಡಿಗೆಯಾಗಿದೆಯೆಂದು ನಾನು ಎಲೆಯನ್ನು ಹಾಸಿಕೊಂಡು ಕುಳಿತಂತಾಗಿತ್ತು.

ಎರಡನೆಯದು ಸವ್ಯಭಿಚಾರ. ಹೇತುವಿದ್ದೂ ಸಾಧ್ಯವಿಲ್ಲದಿರುವುದು. ಇದಕ್ಕೆ ಪರದೇಶದ ಒಂದು ಸೊಗಸಾದ ನಿದರ್ಶನವನ್ನು ಆ ಶಿಷ್ಯನೇ ಕೊಟ್ಟನು. ಜರ್ಮನಿಯ ಬರ್ಲಿನ್ ನಗರದಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದನು ಒಂದು ಪುಟ್ಟ ಕೈಬಂಡಿಯಲ್ಲಿ 99 ಕೈಫೋನುಗಳನ್ನು ತುಂಬಿಕೊಂಡು, ವಾಹನಗಳಿಲ್ಲದ ಬೀದಿಗಳಲ್ಲಿ ಅದನ್ನು ಮೆಲ್ಲನೆ ಎಳೆದುಕೊಂಡು ನಡೆದನು. ಗೂಗಲ್ ನಕಾಶೆಯಲ್ಲಿ ಆ ಬೀದಿಯು ಕೆಂಪಾಯಿತು. 2020ರ ಫೆಬ್ರವರಿಯಲ್ಲಿ ಅವನು ಇದನ್ನು ಪ್ರಕಟಿಸಿದಾಗ ಲೋಕವೆಲ್ಲ ನಕ್ಕಿತು. ಬರ್ಲಿನ್ನಿನಲ್ಲಿ ತೆರವಾದ ಬೀದಿಯು ಕೆಂಪಾದರೆ, ನಮ್ಮಲ್ಲಿ ಕಟ್ಟಿಕೊಂಡ ಬೀದಿಯು ಹಸಿರಾಗಬಹುದು. ಲಾರಿಗಳ ಸಂದಿನಲ್ಲಿ ನುಸುಳುವ ಬೈಕುಗಳ ಸವಾರರ ಜೇಬಿನಲ್ಲಿಯೂ ಕೈಫೋನುಗಳಿವೆ. ಬೈಕು ಯಾವುದು ಬಸ್ಸು ಯಾವುದೆಂದು ಬೇರ್ಪಡಿಸುವ ಪ್ರಯತ್ನವನ್ನು ಆ ಸಂಸ್ಥೆಗಳವರು ಮಾಡುತ್ತಾರಂತೆ. ಆದರೂ ಚಕ್ರವೆರಡಿರುವವನ ವೇಗವು ಚಕ್ರ ಆರಿರುವವನ ದಾರಿಗೆ ಸಾಕ್ಷಿಯಾಗದು.

ಮೂರನೆಯದು ಬಾಧಿತ. ಬಲವಾದ ಇನ್ನೊಂದು ಪ್ರಮಾಣದಿಂದ ಮುರಿದುಬಿದ್ದ ಅನುಮಾನ. ಬೆಂಕಿಯು ತಣ್ಣಗಿದೆಯೆಂದು ಎಷ್ಟೇ ತರ್ಕಿಸಿದರೂ ಮುಟ್ಟಿದ ಬೆರಳು ಒಪ್ಪುವುದಿಲ್ಲ. ದಾಸರಹಳ್ಳಿಯಲ್ಲಿ ನನ್ನ ಕಣ್ಣ ಮುಂದೆ ಲಾರಿಗಳು ನಿಂತಿದ್ದುವು. ಪ್ರತ್ಯಕ್ಷವು ಎದುರಿನಲ್ಲಿ ಕಹಳೆಯನ್ನು ಊದುತ್ತಿದ್ದಾಗಲೂ ನಾನು ಅನುಮಾನದ ಅಂಕಿಯನ್ನು ಮೂರು ಸಲ ಫೋನಿನಲ್ಲಿ ಉಚ್ಚರಿಸಿದೆನು. ಇದಕ್ಕೆ ಯಂತ್ರವನ್ನು ದೂರುವಂತಿಲ್ಲ. ಇದು ಸಂಪೂರ್ಣವಾಗಿ ತರ್ಕಸಂಗ್ರಹವನ್ನು ಓದಿದವನ ತಪ್ಪು.

ಯಂತ್ರದ ಪಾಲಿಗೆ ಸಲ್ಲುವ ದೋಷವೂ ಒಂದಿದೆ. ಅದು ತನ್ನ ಸಂದೇಹವನ್ನು ಹೇಳಿಕೊಳ್ಳುವುದಿಲ್ಲ. ಹತ್ತು ಸಾವಿರ ಕೈಫೋನುಗಳನ್ನು ಕೇಳಿ ಬಳಿದ ಹಸಿರೂ, ಹತ್ತೇ ಕೈಫೋನುಗಳನ್ನು ಕೇಳಿ ಬಳಿದ ಹಸಿರೂ ನೋಡುವವನಿಗೆ ಒಂದೇ ಹಸಿರು. ನಮ್ಮ ಹಳ್ಳಿಯ ಮುದುಕರು ಮಳೆಯ ಮಾತನ್ನಾಡುವಾಗ “ಬಂದರೂ ಬರಬಹುದು” ಎನ್ನುತ್ತಾರೆ. “ಬಹುದು” ಎಂಬ ಸಂಭಾವನಾರ್ಥಕ ರೂಪವನ್ನು ಕನ್ನಡವು ವ್ಯರ್ಥವಾಗಿ ಇಟ್ಟುಕೊಂಡಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದಷ್ಟೇ ಬಲದಿಂದ ಹೇಳಲು ಅದು ಬೇಕು. ಇಪ್ಪತ್ತೆಂಟು ನಿಮಿಷವೆಂದು ಸಾರುವ ಆ ಯಂತ್ರಕ್ಕೆ ಈ “ಬಹುದು” ಬಾರದು. ಅದನ್ನು ಸೇರಿಸಬೇಕಾದವನು ಓದುಗ. ನಾನು ಸೇರಿಸಲಿಲ್ಲ. ತಡವಾಗುವುದೆಂಬ ಅರಿವು ಯಾರನ್ನೂ ನೋಯಿಸುತ್ತಿರಲಿಲ್ಲ. ತಡವಾಗದೆಂಬ ಭರವಸೆಯು ತೊಂಬತ್ತರ ಹಿರಿಯರನ್ನು ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂಡಿಸಿತು.

ಇಂತಹ ಭರವಸೆಯು ಇದಕ್ಕಿಂತ ಕ್ರೂರವೂ ಆಗಬಲ್ಲುದು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ದಾರಿತೋರುವ ನಕಾಶೆಯನ್ನು ನಂಬಿ ಹೊರಟ ಕಾರೊಂದು ಅರ್ಧಕ್ಕೆ ನಿಂತ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಮಡಿದರೆಂದು ಪತ್ರಿಕೆಗಳಲ್ಲಿ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಅಲ್ಲಿ ಅಡ್ಡಗಟ್ಟೆಯನ್ನು ಕಟ್ಟದವರ ಹೊಣೆಯೂ ಇದ್ದೀತು. ಗೆರೆಯ ಮೇಲಣ ನಂಬಿಕೆಯ ಹೊಣೆಯೂ ಇಲ್ಲದಿಲ್ಲ.

ಈ ಮಾತುಗಳಿಂದ ನಾನು ನಕಾಶೆಯನ್ನು ತ್ಯಜಿಸಿರಬೇಕೆಂದು ವಾಚಕರು ಭಾವಿಸಬಾರದು. ಗುರುತಿಲ್ಲದ ಊರಿನಲ್ಲಿ ಮನೆಯನ್ನು ಹುಡುಕಲು ಅದಕ್ಕೆ ಸಮನಾದುದಿಲ್ಲ. ನಡುರಾತ್ರಿಯಲ್ಲಿ ಮಗುವಿನ ಜ್ವರವೇರಿದಾಗ ಹತ್ತಿರದ ಆಸ್ಪತ್ರೆಯನ್ನು ತೋರಿಸಿ ಅದು ನಮ್ಮ ಬಂಧುಗಳೊಬ್ಬರಿಗೆ ಮಾಡಿದ ಉಪಕಾರವನ್ನು ನಾನು ಬಲ್ಲೆನು. ಬಹುದಿನ ಅದು ಸರಿಯಾಗಿಯೇ ಹೇಳುತ್ತದೆ. ಬಹುದಿನ ಸರಿಯಾಗಿ ಹೇಳುವವನ ಒಂದು ತಪ್ಪು, ದಿನವೂ ಸುಳ್ಳು ಹೇಳುವವನ ನೂರು ತಪ್ಪುಗಳಿಗಿಂತ ಅಪಾಯಕರ. ಏಕೆಂದರೆ ಅವನ ಮುಂದೆ ನಾವು ಎಚ್ಚರವಾಗಿರುವುದಿಲ್ಲ.

ಇನ್ನು ಶಬ್ದಪ್ರಮಾಣದ ವಿಚಾರ ಉಳಿಯಿತು. ಇದ್ದುದನ್ನು ಇದ್ದಂತೆ ಹೇಳುವವನನ್ನು ಆಪ್ತನೆಂದು ತಾರ್ಕಿಕರು ಕರೆಯುತ್ತಾರೆ. ಅವನ ಮಾತು ಪ್ರಮಾಣ. ನೆಲಮಂಗಲದಲ್ಲಿ ಆಪ್ತರೊಬ್ಬರು ನನ್ನ ಪಕ್ಕದಲ್ಲಿಯೇ ಕುಳಿತಿದ್ದರು. ಸೋಮವಾರದ ಬೆಳಗು ಹೇಗಿರುತ್ತದೆಂದು ಅವರು ಕಂಡಿದ್ದರು. ಬಸ್ಸನ್ನು ಸೇತುವೆಗೆ ಬಿಡುವುದಿಲ್ಲವೆಂದು ಬಲ್ಲರು. ನನ್ನನ್ನು ಮೆಚ್ಚಿಸುವುದಾಗಲಿ ವಂಚಿಸುವುದಾಗಲಿ ಅವರಿಗೆ ಬೇಕಾಗಿರಲಿಲ್ಲ. ಅವರಿಗೆ ತರ್ಕಶಾಸ್ತ್ರವು ಬಾರದು, ಅವರ ಮಾತಿನಲ್ಲಿ ಹೇತ್ವಾಭಾಸವೂ ಇರಲಿಲ್ಲ. ನಾನು ಅವರ ಮಾತನ್ನು ತಳ್ಳಿಹಾಕಿದುದು ಅದು ದುರ್ಬಲವೆಂದೇ? ಅಲ್ಲ. ಅವರ ಕೈಯಲ್ಲಿ ಮಿನುಗುವ ಗಾಜು ಇರಲಿಲ್ಲ, ಹೆಸರಿನ ಹಿಂದೆ ಪದವಿಯಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಕೊನೆಗೆ ಒಂದು ಸಂಜೆ ಬಸ್ಸು ತೊಳೆಯುತ್ತಿದ್ದ ಅವರ ಬಳಿಗೆ ಹೋಗಿ, “ಯಜಮಾನರೇ, ಅಂದು ನಿಮ್ಮ ಮಾತನ್ನು ಕೇಳಬೇಕಾಗಿತ್ತು” ಎಂದೆನು. ಅವರು ಬಕೆಟ್ಟನ್ನು ಕೆಳಗಿಟ್ಟು, “ಅಯ್ಯೋ ಬಿಡಿ ಮೇಷ್ಟ್ರೇ, ನಾನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿತ್ತು” ಎಂದರು. ಅವರಿಗೂ ಆ ದಿನವು ನೋವಾಗಿ ಉಳಿದಿತ್ತೆಂದು ಆಗ ತಿಳಿಯಿತು.

ಗುರುಗಳಿಗೆ ಈ ಉತ್ತರವನ್ನು ಒಪ್ಪಿಸಲಾಗಲಿಲ್ಲ. ದೀಪಾವಳಿಯ ರಜೆಯ ಬಳಿಕ ಹುಡುಗರನ್ನು ಕರೆದೊಯ್ಯುವುದೆಂದು ದಿನವನ್ನು ಗೊತ್ತುಮಾಡಿದ್ದೆನು. ಕಾರ್ತಿಕ ಮಾಸದಲ್ಲಿ, ಆ ದಿನಕ್ಕೆ ಎಂಟು ದಿನಗಳಿರುವಾಗ, ಅವರು ಲಿಂಗೈಕ್ಯರಾದರು. ಅಂದು ಬೆಳಗಿನ ಜಾವದಲ್ಲಿಯೇ ಹೊರಟು, ಚಾಲಕರು ಹೇಳಿದ ಸುತ್ತುದಾರಿಯಲ್ಲಿ ಹೋಗಿ, ಹೊತ್ತಿಗೆ ಮುಂಚೆ ತಲುಪಿದೆವು. ಹೊತ್ತಿಗೆ ಮುಂಚೆ ತಲುಪುವುದರಿಂದ ಅಂದು ಆಗಬೇಕಾದುದೇನೂ ಇರಲಿಲ್ಲ.

ಮರುವರ್ಷದ ಪುಣ್ಯತಿಥಿಗೆ ಅವರ ಮನೆಯವರು ನಮ್ಮ ಹುಡುಗರನ್ನು ಹಾಡಲು ಕರೆದರು. ಮೊದಲಿನ ಇಪ್ಪತ್ತೆರಡು ಮಂದಿಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೋದವರ ಬದಲಿಗೆ ಹೊಸಬರು ಬಂದಿದ್ದರು. 2024ರ ಜುಲೈ ಕೊನೆಯಲ್ಲಿ ಪೀಣ್ಯದ ಮೇಲ್ಸೇತುವೆಯು ಭಾರೀ ವಾಹನಗಳಿಗೂ ತೆರೆದಿತ್ತು. ನೆಲಮಂಗಲದಲ್ಲಿ ಬಸ್ಸು ಪಕ್ಕಕ್ಕೆ ನಿಂತಾಗ ನಾನು ಕೈಫೋನನ್ನು ಹೊರತೆಗೆಯದೆ, “ಯಾವ ಕಡೆ ಹೋಗೋಣ ಯಜಮಾನರೇ?” ಎಂದೆನು. ಅವರು ನಕ್ಕು, “ತೆಗೀರಿ ಮೇಷ್ಟ್ರೇ, ಅದೇನನ್ನುತ್ತೋ ಅದನ್ನೂ ಕೇಳೋಣ” ಎಂದರು. ಕೇಳಿದೆವು. ಅದು ನೇರಕ್ಕೆ ಹೋಗಿರೆಂದಿತು. ಅವರು ಎದುರಿನಿಂದ ಬಂದು ನಿಂತ ಲಾರಿಯವರೊಬ್ಬರನ್ನೂ ಕೂಗಿ ವಿಚಾರಿಸಿ, “ಇವತ್ತು ಅದು ಹೇಳೋದು ಸರಿ” ಎಂದು ಬಸ್ಸನ್ನು ಸೇತುವೆಗೆ ಹತ್ತಿಸಿದರು. ವಿಜಯನಗರವನ್ನು ತಲುಪಿದಾಗ ಹೇಳಿದ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಹುಡುಗರು ಅಂಗಳದಲ್ಲಿ ಸಾಲಾಗಿ ಕುಳಿತು ಕಾದರು. ಗುರುಗಳ ಕುರ್ಚಿಯನ್ನು ನಡುಮನೆಯಲ್ಲಿಯೇ ಇಟ್ಟಿದ್ದರು.

ವಿದ್ಯಾರ್ಥಿಗಳೇ, ಮುಂದೆ ನಿಮ್ಮ ಕೈಗೆ ಇದಕ್ಕಿಂತ ಎಷ್ಟೋ ಜಾಣವಾದ ಯಂತ್ರಗಳು ಬರಲಿವೆ. ಅವನ್ನು ಬಳಸಿರಿ. ಅವು ಹೇಳಿದುದನ್ನು ನಿಮ್ಮ ಬಾಯಿಂದ ಇನ್ನೊಬ್ಬರಿಗೆ ಹೇಳುವ ಮೊದಲು ಮಾತ್ರ, ಅದು ಕಂಡ ಮಾತೋ, ಊಹಿಸಿದ ಮಾತೋ, ಬಲ್ಲವರ ಮಾತೋ ಎಂದು ಒಮ್ಮೆ ಕೇಳಿಕೊಳ್ಳಿರಿ. ಕಿಟಕಿಯ ಆಚೆಗೆ ಒಮ್ಮೆ ನೋಡಿರಿ. ಪಕ್ಕದಲ್ಲಿ ಕುಳಿತವರನ್ನು ಕೇಳಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿರಿ. ನಿಮ್ಮ ಮಾತನ್ನು ನಂಬಿ ಎಲ್ಲಿಯೋ ಒಬ್ಬರು ಕುರ್ಚಿಯಲ್ಲಿ ಕುಳಿತಿರುತ್ತಾರೆ.

ಗುರುಗಳೇ, ತಾವು ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ಒಪ್ಪಿಸುವುದು ತಡವಾಯಿತು.